ಕುತ್ತಿಗೆಯಿಲ್ಲ, ಐದನೇ ಕ್ಲಾಸು

ಜನವರಿ 8, ಬುಧವಾರ

ಮಧ್ಯಾಹ್ನ ಫಾದರ್ ಅಂಗಡಿಗೆ ಬಂದರು, ನಿಲುವಂಗಿಯ ಗುಂಡಿ ಸಡಿಲವಾಗಿದೆ ಎಂದು. ಎಳೆದು ನೋಡಿದೆ, ಗುಂಡಿ ಕಲ್ಲಿನ ಹಾಗೆ ಕೂತಿತ್ತು. ಗಟ್ಟಿ ಗುಂಡಿ ತೋರಿಸಿಕೊಂಡು ಬರುವವರು ಬೇರೇನೋ ಕೇಳಲು ಬಂದಿರುತ್ತಾರೆ. ಸ್ಟೂಲು ಹಾಕಿ, ನನ್ನ ಪಾಡಿಗೆ ಹೊಲಿಯುತ್ತ ಕಾದೆ.

“ಟೇಲರಮ್ಮ, ಶಾಲೆ ರಿಜಿಸ್ಟರೆಲ್ಲ ಹೋಯ್ತು,” ಎಂದರು ಕೊನೆಗೆ.

ರಜೆಯಲ್ಲಿ ಶಾಲೆಯ ಆಫೀಸಿನ ಮೇಲಿದ್ದ ನೀರಿನ ಟ್ಯಾಂಕು ಒಡೆದು, ಎಂಟು ದಿನ ಹನಿಹನಿಯಾಗಿ ಬೀರುವಿನೊಳಕ್ಕೆ ಇಳಿದಿದೆ. ದಾಖಲಾತಿ ಪುಸ್ತಕಗಳೆಲ್ಲ ಅಂಟಿಕೊಂಡು ಒಂದೇ ಇಟ್ಟಿಗೆಯಾಗಿವೆ. ಅದರ ಬೆನ್ನಿಗೇ ಶಿಕ್ಷಣ ಇಲಾಖೆಯ ಪತ್ರ. ನೂರಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಬಸ್ ನಿಲ್ದಾಣದ ಹತ್ತಿರದ ದೊಡ್ಡ ಶಾಲೆಗೆ ಸೇರಿಸುತ್ತಾರಂತೆ. ಸತತ ಮೂವತ್ತು ವರ್ಷ ನಡೆದದ್ದಕ್ಕೆ ದಾಖಲೆ ತೋರಿಸಿದರೆ ಮಾತ್ರ ಬಿಡುತ್ತಾರಂತೆ. ನಮ್ಮಲ್ಲಿರುವುದು ಎಂಬತ್ತಾರು ಮಕ್ಕಳು. ವಿಚಾರಣೆ ಫೆಬ್ರವರಿ ಹದಿನೆಂಟಕ್ಕೆ.

“ವರ್ಷಾ ವರ್ಷಾ ಯೂನಿಫಾರ್ಮಿಗೆ ಮಕ್ಕಳ ಅಳತೆ ಬರ್ಕೋತೀರಲ್ಲ, ಆ ಪುಸ್ತಕಗಳು ಇವೆಯಾ?”

“ಮೂವತ್ತೊಂದೂ ಇವೆ. ಆದ್ರೆ ಅದರಲ್ಲಿ ಹೆಸರಿಲ್ಲ ಫಾದರ್.”

“ಹೆಸರಿಲ್ದೆ ಹೇಗೆ ಹೊಲಿದ್ರಿ?”

“ಹೆಸರಿದ್ರೇ ಹೊಲಿಯೋಕಾಗಲ್ಲ.”

ಪಾಪ, ಅವರು ಬಂದು ಎಂಟು ತಿಂಗಳು. ಈ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿಗೆ ಸೇರಿದ ಮನೆಗಳಲ್ಲಿ, ಹುಟ್ಟಿದ ಗಂಡುಮಕ್ಕಳಿಗೆಲ್ಲ ನಮ್ಮ ಚರ್ಚಿನ ಸಂತರ ಹೆಸರು. ಹೆಣ್ಣುಮಕ್ಕಳಿಗೆಲ್ಲ ಮಾತೆಯ ಹೆಸರು. ಬೇರೆ ಧರ್ಮದ ಮಕ್ಕಳು ಬರದಿದ್ದರೆ ಮೇಷ್ಟ್ರು ಎರಡೇ ಕೂಗಿನಲ್ಲಿ ಹಾಜರಿ ಮುಗಿಸಬಹುದಿತ್ತು. ಮೊದಲ ವರ್ಷ ನಾನೂ ಹೆಸರು ಬರೆದುಕೊಂಡೆ. ಒಂದೇ ಹೆಸರಿನ ಆರು ಹುಡುಗರ ಚಡ್ಡಿ ಆರು ಮನೆಗೆ ಅದಲುಬದಲಾಗಿ, ಆರು ತಾಯಂದಿರು ಒಟ್ಟಿಗೆ ಬಂದರು. ಆಮೇಲಿನಿಂದ ಕಣ್ಣಿಗೆ ಕಂಡದ್ದನ್ನೇ ಬರೆದೆ. ಕಡ್ಡಿ. ಕುತ್ತಿಗೆಯಿಲ್ಲ. ಎಡ ಭುಜ ಅರ್ಧ ಇಂಚು ತಗ್ಗು. ಮೂಗು ತೋಳಿಗೆ ಒರೆಸುತ್ತಾಳೆ, ಪಟ್ಟಿ ದಪ್ಪ ಇಡುವುದು. ಅಲ್ಲಿಂದೀಚೆಗೆ ಒಂದು ಚಡ್ಡಿಯೂ ದಾರಿ ತಪ್ಪಿಲ್ಲ.

“ಇಲಾಖೆಯವ್ರಿಗೆ ಹೆಸರು, ಕ್ಲಾಸು, ವರ್ಷ ಮೂರೂ ಬೇಕು,” ಎಂದು ಫಾದರ್ ತಲೆ ಹಿಡಿದುಕೊಂಡರು. “ಜೊತೆಗೆ ಧರ್ಮಕೇಂದ್ರದ, ಶಾಲೆಯ ಚರಿತ್ರೆ ಬೇರೆ ಕೇಳಿದ್ದಾರೆ, ನಾಲ್ಕು ಪುಟ. ಹೆಡ್‌ಮೇಷ್ಟ್ರೂ ಹೊಸಬರು. ನಿಮ್ಮನ್ನ ಬಿಟ್ರೆ...”

ಸ್ತುತಿ ಮಾಡಿಸಿಕೊಂಡು ಒಪ್ಪಿಕೊಂಡೆ. ಬಿಟ್ಟಿ ಕೆಲಸಕ್ಕೆ ಅಷ್ಟಾದರೂ ಸಿಗಬೇಡವೆ.

ಎದುರಂಗಡಿಯವಳು ಪರದೆ ಸರಿಸಿ ನೋಡುತ್ತಿದ್ದಳು. ನೋಡಲಿ. ಎದುರಂಗಡಿಯವಳು ಎಂದರೆ ನನ್ನ ಒಡಹುಟ್ಟಿದ ತಂಗಿಯೇ. ಹನ್ನೊಂದು ವರ್ಷದಿಂದ ಮಾತಿಲ್ಲ. ಬಿಷಪ್ಪರು ಬರುವ ದಿನಕ್ಕೆಂದು ಹೊಲಿದ ಆಗಿನ ಫಾದರ್ ಅವರ ನಿಲುವಂಗಿಗೆ ಒಂದು ತೋಳು ಮೂರು ಇಂಚು ಗಿಡ್ಡ ಕತ್ತರಿಸಿ ನನ್ನ ಅಂಗಡಿಯ ಮಾನ ಕಳೆದಳು. ಚರ್ಚಿನ ಸಭಾಂಗಣದಲ್ಲಿ ಎಲ್ಲರ ಮುಂದೆ ಬೈದೆ. ಟೇಪು ಬಿಸಾಡಿ ಹೋಗಿ ಎದುರಿಗೇ ಅಂಗಡಿ ಇಟ್ಟಳು. ಅಷ್ಟೇ ವಿಷಯ. ನಾನು ಅದನ್ನು ಯೋಚಿಸುವುದೂ ಇಲ್ಲ.

ಜನವರಿ 12, ಭಾನುವಾರ

ನಮ್ಮನೆಯವರು ಅಟ್ಟ ಹತ್ತಿ ಪುಸ್ತಕ ಇಳಿಸಿದರು. ನಿವೃತ್ತ ಬಸ್ ಡ್ರೈವರು. ಏಣಿ ಹಿಡಿದವಳು ನಾನು ಕಂಡಕ್ಟರ್. “ರೈಟ್... ರೈಟ್... ಹೋಲ್ಡಾನ್” ಎಂದು ನಾನು ಕೂಗಿದಂತೆ ಒಂದೊಂದೇ ಮೆಟ್ಟಿಲು ಇಳಿದರು.

ಚರಿತ್ರೆ ಎಲ್ಲಿಂದ ಶುರು ಮಾಡುವುದು? ಯಾವ ಫಾದರ್ ಯಾವಾಗ ಬಂದರು ಎಂಬುದರಿಂದ ಎಂದರು ಹೆಡ್‌ಮೇಷ್ಟ್ರು. ಅದು ನನ್ನಲ್ಲಿದೆ, ಸೊಂಟದ ಸಮೇತ. ಮೊದಲನೆಯವರು ಬಂದಾಗ ಮೂವತ್ತು ಇಂಚು, ವರ್ಗವಾಗಿ ಹೋಗುವಾಗ ಮೂವತ್ತೆಂಟು. ಎರಡನೆಯವರು ಮೂವತ್ತೆರಡರಿಂದ ಮೂವತ್ತೊಂಬತ್ತು. ಈ ಜನ ಯಾರನ್ನು ಎಷ್ಟು ಪ್ರೀತಿಸಿದರು ಎಂಬುದಕ್ಕೆ ಇದಕ್ಕಿಂತ ಪಕ್ಕಾ ದಾಖಲೆ ಯಾವ ಬಿಷಪ್ಪರ ಮನೆಯಲ್ಲೂ ಇರಲಾರದು. ಮೂರನೆಯವರು ಮಾತ್ರ ಮೂವತ್ತನಾಲ್ಕರಲ್ಲಿ ಬಂದು ಮೂವತ್ತೆರಡೂವರೆಯಲ್ಲಿ ಹೋದರು. ಗಾಯನ ಮಂಡಳಿಯ ಜೊತೆ ಜಗಳ ಆಡಿಕೊಂಡಿದ್ದರು. ಈಗಿನವರದು ಇಪ್ಪತ್ತೊಂಬತ್ತು. ಕಾದು ನೋಡಬೇಕು.

ಇದನ್ನೇ ನಾಲ್ಕು ಸಾಲು ಬರೆದು ತೋರಿಸಿದೆ. ಫಾದರ್ ಕೆಂಪಾಗಿ, “ಸೊಂಟ ಬಿಟ್ಟು ಬರೀರಿ” ಎಂದರು.

ಜನವರಿ 15, ಬುಧವಾರ

ಚರ್ಚಿನ ಗಂಟೆ ಬಾರಿಸುವ ಅಜ್ಜನ ಬಳಿ ಹೋಗಿ ಮೊದಲಿನ ಕಥೆ ಬರೆದುಕೊಂಡೆ. ನಾವು ಅವರನ್ನು ಗಂಟೆಯಜ್ಜ ಎನ್ನುತ್ತೇವೆ. ವಯಸ್ಸು ತೊಂಬತ್ತಕ್ಕೆ ಎರಡು ಕಡಿಮೆ.

ಚರ್ಚು ಮೊದಲು ಚೀಲದ ಗೋದಾಮಾಗಿತ್ತಂತೆ. ಬೆಂಚುಗಳು ಬಂದ ವರ್ಷವೇ ಶಾಲೆಯೂ ಹುಟ್ಟಿತಂತೆ. ಕೂಲಿಗೆ ಹೋಗುವ ತಾಯಂದಿರು ಮಕ್ಕಳನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ಪೂಜೆಯಲ್ಲಿ ಮೊಣಕಾಲೂರುವ ಹಲಗೆ ಇದೆಯಲ್ಲ, ಮಕ್ಕಳು ಅದರ ಮೇಲೆ ಪೀಠಕ್ಕೆ ಬೆನ್ನು ಹಾಕಿ ಕೂತು, ದೊಡ್ಡವರು ಕೂರುವ ಬೆಂಚಿನ ಮೇಲೆ ಸ್ಲೇಟು ಇಟ್ಟು ಬರೆದರು. ಅಳತೆ ಹೇಳಿ ಮಾಡಿಸಿದ ಹಾಗಿತ್ತಂತೆ.

“ದೇವ್ರಿಗೆ ಬೆನ್ನು ಹಾಕಿ ಕೂತ್ರೆ ಫಾದರ್ ಬೈಲಿಲ್ವಾ ಅಜ್ಜ?”

“ಬೈದ್ರು. ಆಮೇಲೆ ಅಂದ್ರು, ಮಕ್ಕಳು ಕಲಿಯೋದನ್ನ ದೇವ್ರು ಹಿಂದಿನಿಂದ ನೋಡ್ಲಿ ಬಿಡು, ಕಾಪಿ ಹೊಡೆದ್ರೆ ಗೊತ್ತಾಗುತ್ತೆ ಅಂತ.”

ಆ ಬೆಂಚಿನಲ್ಲಿ ನಾನೂ ಮೂರು ವರ್ಷ ಬರೆದಿದ್ದೇನೆ. ಮೂರನೇ ಕ್ಲಾಸಿಗೆ ಬಿಟ್ಟೆ, ಅಮ್ಮನಿಗೆ ಕಾಲುಮೆಷಿನ್ ತುಳಿಯಲು ಕಾಲು ಬೇಕಿತ್ತು. ಹತ್ತನೆಯವರೆಗೂ ಓದಿದ್ದು ಎದುರಂಗಡಿಯವಳು. ಓದಿಸಿದ್ದು ಯಾರು ಎಂದು ಯಾರೂ ಕೇಳುವುದಿಲ್ಲ.

ಈ ಕೊನೆಯ ಎರಡು ಸಾಲು ಚರಿತ್ರೆಗೆ ಹಾಕಬಾರದು.

ಜನವರಿ 19, ಭಾನುವಾರ

ಇಂಥ ಭಾನುವಾರ ಮೂವತ್ತೊಂದು ವರ್ಷದಲ್ಲಿ ಕಂಡಿಲ್ಲ!

ಪೂಜೆಯ ಕೊನೆಗೆ ಫಾದರ್ ಹೇಳಿದರು: “ನಮ್ಮ ಶಾಲೇಲಿ ಓದಿದವರು ಯಾರೂ ಮನೆಗೆ ಹೋಗಬೇಡಿ. ಸಭಾಂಗಣಕ್ಕೆ ಬಂದು ಟೇಲರಮ್ಮನಿಗೆ ನಿಮ್ಮ ನಿಮ್ಮ ದೇಹ ಒಪ್ಪಿಸಿ.” ಉಪಾಯ ನನ್ನದು. ಮನುಷ್ಯ ದಪ್ಪವಾಗಬಹುದು, ಬೋಳಾಗಬಹುದು. ಭುಜದ ಇಳಿಜಾರು, ಕಾಲಿನ ಬಾಗು ಎಲ್ಲಿಗೂ ಹೋಗುವುದಿಲ್ಲ. ಪುಸ್ತಕದಲ್ಲಿರುವ ದೇಹವನ್ನು ಕಣ್ಣೆದುರಿನ ದೇಹಕ್ಕೆ ಹೊಂದಿಸಿದರೆ ಹೆಸರು ತಾನಾಗಿ ಸಿಗುತ್ತದೆ. ಹೆಡ್‌ಮೇಷ್ಟ್ರು ಹೆಸರು ಬರೆದುಕೊಳ್ಳಲು ಕೂತರು, ನಾನು ಟೇಪು ಕೊರಳಿಗೆ ಹಾಕಿಕೊಂಡು ನಿಂತೆ.

ಬೇಕರಿಯವನು ಅಂಗಿ ಬಿಚ್ಚಬೇಕಾಗಲೇ ಇಲ್ಲ. ಬಾಗಿಲಲ್ಲೇ ಕೂಗಿದೆ, “ಎಡ ಭುಜ ಅರ್ಧ ಇಂಚು ತಗ್ಗು, ಹದಿನಾಲ್ಕನೇ ಪುಸ್ತಕ, ಮೂರನೇ ಕ್ಲಾಸು!”

“ಈಗ ಮುಕ್ಕಾಲು ಇಂಚಾಗಿದೆ ಅಕ್ಕ, ಹಿಟ್ಟಿನ ಮೂಟೆ ಹೊತ್ತು.”

ಪೊಲೀಸಿನವನು ಬಂದು ಸೆಟೆದು ನಿಂತ. “ನನ್ನ ಬಗ್ಗೆ ಏನ್ ಬರೆದಿದ್ದೀರಿ?” ಎಂದು ಠಾಣೆಯ ಗತ್ತಿನಲ್ಲಿ ಕೇಳಿದ. ಅವನ ಗಲ್ಲ ನೋಡಿದೆ, ಎದೆ ನೋಡಿದೆ, ನಡುವೆ ಏನೂ ಕಾಣಲಿಲ್ಲ. “ಕುತ್ತಿಗೆಯಿಲ್ಲ, ಐದನೇ ಕ್ಲಾಸು,” ಎಂದು ಓದಿದೆ. ಅವನ ಹೆಂಡತಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು.

“ಮೂಗು ತೋಳಿಗೆ ಒರೆಸುತ್ತಾಳೆ” ಎಂಬ ಸಾಲಿಗೆ ಕೈ ಎತ್ತಿದವರು ಆಸ್ಪತ್ರೆಯ ಡಾಕ್ಟರಮ್ಮ. “ಆ ಮೂಗು ನಂದೇ,” ಎಂದು ತೋಳು ಚಾಚಿ ತೋರಿಸಿದರು. ಅವರು ಈ ಧರ್ಮದವರಲ್ಲ; ಪೂಜೆ ಮುಗಿಯುವುದನ್ನು ಹೊರಗೆ ಕಾರಿನಲ್ಲಿ ಕೂತು ಕಾದಿದ್ದರಂತೆ.

“ಚೆಲುವೆ, ಏಳನೇ ಕ್ಲಾಸು” ಎಂದು ಓದಿದೆ. ನಾಲ್ಕು ಜನ ಬಂದರು. “ಕುಳ್ಳಿ, ಏಳನೇ ಕ್ಲಾಸು” ಎಂದೆ. ಒಬ್ಬರೂ ಇಲ್ಲ. ಕೊನೆಗೆ ಟೇಪು ಹಿಡಿದು ನ್ಯಾಯ ತೀರಿಸಬೇಕಾಯಿತು: ನಾಲ್ವರಲ್ಲಿ ಒಬ್ಬಳು ಚೆಲುವೆ, ಒಬ್ಬಳು ಕುಳ್ಳಿ, ಇಬ್ಬರು ಆ ವರ್ಷ ಏಳನೆಯಲ್ಲಿ ಇರಲೇ ಇಲ್ಲ.

ಒಂದೇ ದಿನಕ್ಕೆ ಇನ್ನೂರ ಹನ್ನೊಂದು ಜನ. ಗಂಟಲು ಕಟ್ಟಿದೆ. ಎದುರಂಗಡಿಯವಳು ಬಂದಿರಲಿಲ್ಲ. ಬಾಗಿಲ ಹೊರಗಿನಿಂದ ಇಣುಕಿ ಹೋದಳು ಎಂದು ನಮ್ಮನೆಯವರು ಹೇಳಿದರು. ನಾನು ಕೇಳಿರಲಿಲ್ಲ.

ಜನವರಿ 26, ಭಾನುವಾರ

ಇನ್ನೂರ ನಲವತ್ತು ಜನ. ದೂರದವರು ಫೋಟೋ ಕಳಿಸಿದ್ದಾರೆ, ಪಕ್ಕಕ್ಕೆ ತಿರುಗಿ ನಿಂತು.

ಸಂಜೆ ಹೆಡ್‌ಮೇಷ್ಟ್ರು ಪಟ್ಟಿ ಜೋಡಿಸುತ್ತ, “ಒಂದು ವರ್ಷಕ್ಕೆ ಒಂದು ಮಗುವೂ ಇಲ್ವಲ್ಲ ಟೇಲರಮ್ಮ,” ಎಂದರು. ನಾನು ಪುಸ್ತಕ ನೋಡುವ ಮೊದಲೇ ಯಾವ ವರ್ಷ ಎಂದು ಹೇಳಿಬಿಟ್ಟೆ. ಹನ್ನೊಂದು ವರ್ಷದ ಹಿಂದಿನದು. ಗಿಡ್ಡ ತೋಳಿನ ಫಾದರ್ ಅವಳ ಪಕ್ಷ ವಹಿಸಿ ಆ ವರ್ಷದ ಯೂನಿಫಾರ್ಮನ್ನು ಎದುರಂಗಡಿಗೆ ಕೊಟ್ಟಿದ್ದರು. ಮರುವರ್ಷ ಅವರು ವರ್ಗವಾದರು, ಕೆಲಸ ನನಗೇ ಬಂತು.

“ಹಾಗಾದ್ರೆ ಹಿಂದೆ ಇಪ್ಪತ್ತು, ಮುಂದೆ ಹತ್ತು. ಸತತ ಮೂವತ್ತು ಆಗೋದಿಲ್ಲ,” ಎಂದರು. “ಆ ಒಂದು ವರ್ಷದ ಪುಸ್ತಕ ಸಿಕ್ಕದಿದ್ರೆ ಇಷ್ಟು ಮಾಡಿದ್ದೆಲ್ಲ ದಂಡ.”

ಫಾದರ್ ಪಟ್ಟಿಯಿಂದ ತಲೆ ಎತ್ತಿದರು. ರಸ್ತೆಯ ಆಚೆ ನೋಡಿದರು. ನನಗೂ ಕಣ್ಣಿದೆ.

ಜನವರಿ 27, ಸೋಮವಾರ

ಹೋಗುವುದಿಲ್ಲ.

ಜನವರಿ 28, ಮಂಗಳವಾರ

ಫಾದರ್ ಹೋಗಿ ಕೇಳಿದರಂತೆ. “ಬೇಕಾದವರು ಬಂದು ಕೇಳಲಿ” ಎಂದಳಂತೆ. ಎಷ್ಟು ಕೊಬ್ಬು! ನಮ್ಮನೆಯವರಿಗೆ ಹೇಳಿದರೆ, “ಅದು ನಿಮ್ಮ ಮನೆತನದ ಮಾಲು, ಬೇರೆ ಅಂಗಡೀಲಿ ಸಿಗಲ್ಲ,” ಎಂದರು. ಆಗ ಗಮನಿಸಿದೆ, ಅವರ ಪ್ಯಾಂಟಿನ ಪಟ್ಟಿ ನನ್ನ ಹೊಲಿಗೆಯಲ್ಲ.

“ಇದೆಲ್ಲಿ ಹೊಲಿಸಿದ್ದು?”

“ನಿನಗೆ ಪುರುಸೊತ್ತೆಲ್ಲಿತ್ತು?”

ಎಷ್ಟು ವರ್ಷದಿಂದ ಎಂದು ಕೇಳಿದೆ. “ಹನ್ನೊಂದು,” ಎಂದರು, ಸ್ಟಾಪಿನ ಹೆಸರು ಹೇಳುವ ಹಾಗೆ. ಹೊಲಿಗೆ ಚೆನ್ನಾಗಿದೆ. ಅದು ಬೇರೆ ವಿಷಯ.

ಜನವರಿ 31, ಶುಕ್ರವಾರ

ಆ ವರ್ಷದ ನನ್ನ ಪುಸ್ತಕ ತೆರೆದೆ. ಶಾಲೆಯ ಪುಟಗಳಿಲ್ಲ, ಸರಿ. ಒಂದಾದರೂ ಮಗು ಇರಬಹುದೇನೋ ಎಂದು ಮೊದಲ ಪುಟದಿಂದ ತಿರುವಿದೆ. ನಾಲ್ಕನೇ ಪುಟದಲ್ಲಿ ಫಾದರ್ ನಿಲುವಂಗಿ ಇತ್ತು. ಅಳತೆ ತೆಗೆದವಳು ನಾನು, ಬರೆದವಳು ನಾನು. ಎರಡರ ಬಾಲ ಮೇಲಕ್ಕೆತ್ತುವ ನನ್ನ ಅಂಕಿ ಯಾರಿಗೂ ಬರುವುದಿಲ್ಲ.

ಎಡ ತೋಳು ಇಪ್ಪತ್ತನಾಲ್ಕು.

ಬಲ ತೋಳು ಇಪ್ಪತ್ತೊಂದು.

ಅವಳು ನಾನು ಬರೆದದ್ದನ್ನೇ ಕತ್ತರಿಸಿದ್ದಾಳೆ.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಇಪ್ಪತ್ತೊಂದೇ.

ಫೆಬ್ರವರಿ 3, ಸೋಮವಾರ

ನಮ್ಮ ಅಂಗಡಿಯಿಂದ ಅವಳ ಅಂಗಡಿಗೆ ಇಪ್ಪತ್ತೆರಡು ಹೆಜ್ಜೆ. ಇಷ್ಟು ವರ್ಷ ಎಣಿಸಿರಲಿಲ್ಲ.

ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡು ಲಂಗಕ್ಕೆ ಅಂಚು ಮಡಚುತ್ತಿದ್ದಳು. ತಲೆಯಲ್ಲಿ ಬಿಳಿಗೂದಲು ಬಂದಿದೆ. ನನಗಿಂತ ಒಂಬತ್ತು ವರ್ಷ ಚಿಕ್ಕವಳು, ಅವಳಿಗೇನು ಅವಸರ?

“ಏನ್ ಬೇಕಿತ್ತು?” ಎಂದಳು ಸೂಜಿಗಳ ನಡುವಿನಿಂದ.

“ಆ ವರ್ಷದ ಪುಸ್ತಕ.”

“ಅಕ್ಕ ಅಂತ ಕೊಡ್ಲೋ, ಗಿರಾಕಿ ಅಂತ ಕೊಡ್ಲೋ?”

ನಾನು ನನ್ನ ಪುಸ್ತಕದ ನಾಲ್ಕನೇ ಪುಟ ತೆಗೆದು ಅವಳ ಮೇಜಿನ ಮೇಲೆ ಇಟ್ಟೆ. ಓದಿದಳು. ಒಂದೊಂದೇ ಸೂಜಿ ತೆಗೆದು ದಿಂಬಿಗೆ ಚುಚ್ಚಿದಳು. ಏಳು.

“ಇದು ನಂಗೆ ಅವತ್ತೇ ಗೊತ್ತಿತ್ತು.”

“ಮತ್ತೆ ಬಾಯಿ ಬಿಡೋಕೇನಾಗಿತ್ತು?”

“ಬಿಟ್ಟಿದ್ರೆ ನೀನು ರಬ್ಬರ್ ತಗೊಂಡು ಇಪ್ಪತ್ನಾಲ್ಕು ಮಾಡ್ತಿದ್ದೆ.”

ಮಾಡುತ್ತಿದ್ದೆ. ಸುಳ್ಳಲ್ಲ.

“ತಪ್ಪಾಯ್ತು ಕಣೇ,” ಎಂದೆ.

“ಇಲ್ಲಿ ಯಾರಿದ್ದಾರೆ ಕೇಳೋಕೆ? ಲಂಗನಾ? ಬೈದಿದ್ದು ಸಭಾಂಗಣದಲ್ಲಿ ಅಲ್ವಾ? ಅಲ್ಲೇ ಹೇಳು. ಪುಸ್ತಕ ಅಲ್ಲಿಗೇ ತರ್ತೀನಿ.”

ಮೂವತ್ತೊಂದು ವರ್ಷ “ಟೇಲರಮ್ಮನ ಟೇಪು ತಪ್ಪಲ್ಲ” ಎಂದು ಹೇಳಿಸಿಕೊಂಡವಳು ನಾನು. ಆ ಮಾತನ್ನು ಹಬ್ಬಿಸಿದವಳೂ ನಾನೇ ಇರಬಹುದು. ವಾಪಸು ಬರುವಾಗ ಇಪ್ಪತ್ತಾರು ಹೆಜ್ಜೆಯಾಯಿತು.

ಫೆಬ್ರವರಿ 9, ಭಾನುವಾರ

ಹೇಳಿದೆ.

ಸಭಾಂಗಣ ತುಂಬಿತ್ತು. ಅವಳು ಹಿಂದಿನ ಸಾಲಿನಲ್ಲಿ ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದಳು, ಮೊದಲ ದಿನ ಶಾಲೆಗೆ ಬಿಟ್ಟುಬಂದಾಗ ಸ್ಲೇಟು ಹಿಡಿದುಕೊಂಡಿದ್ದ ಹಾಗೆ. ನಾನು ಕುರ್ಚಿ ಹತ್ತಿ ನಿಂತೆ. ಮಾತಿಗೆ ನಾನು ಯಾವತ್ತೂ ತಡಕಾಡಿದವಳಲ್ಲ, ಇವತ್ತು ತಡಕಾಡಿದೆ.

“ಹನ್ನೊಂದು ವರ್ಷದ ಹಿಂದೆ ಫಾದರ್ ತೋಳು ಗಿಡ್ಡ ಆಯ್ತಲ್ಲ, ಅದು ನನ್ನ ತಂಗಿ ತಪ್ಪಲ್ಲ. ನಾನು ಇಪ್ಪತ್ತೊಂದು ಅಂತ ಬರೆದಿದ್ದೆ. ಅವಳು ಸರಿಯಾಗೇ ಕತ್ತರಿಸಿದ್ಲು. ತಪ್ಪು ನಂದು.”

ಕೂಡಲೇ ಗಂಟೆಯಜ್ಜ, “ಗಿಡ್ಡ ಇತ್ತಾ? ಫಾದರ್‌ಗೆ ಗಡಿಯಾರ ನೋಡೋಕೆ ಅನುಕೂಲ ಆಗ್ಲಿ ಅಂತ ಹಾಗೆ ಮಾಡಿದ್ದು ಅಂದ್ಕೊಂಡಿದ್ದೆ ನಾನು,” ಎಂದರು. ಬೇಕರಿಯವನಿಗೆ ನೆನಪೇ ಇರಲಿಲ್ಲವಂತೆ. ಅರ್ಧ ಜನಕ್ಕೆ ನೆನಪಿರಲಿಲ್ಲ! ಇಡೀ ಊರು ನನ್ನ ಮಾನವನ್ನೇ ಅಳೆಯುತ್ತ ಕೂತಿದೆ ಎಂದು ಹನ್ನೊಂದು ವರ್ಷ ನಂಬಿದ್ದೆನಲ್ಲ. ಒಂದಿಷ್ಟು ಬೇಜಾರೂ ಆಯಿತು.

ತಂಗಿ ಎದ್ದು ಬಂದು ಪುಸ್ತಕ ಮೇಜಿನ ಮೇಲಿಟ್ಟಳು. “ಇಳಿ ಕೆಳಗೆ, ಆ ಕುರ್ಚಿ ಕಾಲು ಅಲ್ಲಾಡ್ತಿದೆ,” ಎಂದಳು. ಕೈ ಕೊಟ್ಟಳು.

ಫೆಬ್ರವರಿ 13, ಗುರುವಾರ

ಅವಳ ಪುಸ್ತಕ ನೋಡಿ ಹೆಡ್‌ಮೇಷ್ಟ್ರು ಕಣ್ಣಿಗೊತ್ತಿಕೊಂಡರು. ಪ್ರತಿ ಮಗುವಿನ ಪೂರ್ತಿ ಹೆಸರು, ತಂದೆಯ ಹೆಸರು, ಕ್ಲಾಸು, ಎಲ್ಲ ಮುತ್ತು ಪೋಣಿಸಿದ ಹಾಗೆ. “ಓದಿದವರ ಕೈ ನೋಡಿ,” ಎಂದರು. ಓದಿಸಿದ್ದು ನಾನು ಎಂದು ನಾನು ಹೇಳಬೇಕಾಗಲಿಲ್ಲ, ಅವಳೇ ಹೇಳಿದಳು.

ಚರಿತ್ರೆಯ ನಾಲ್ಕು ಪುಟ ಹದಿನೇಳಾಗಿದೆ. ಮಧ್ಯಾಹ್ನ ಅವಳಿಗೆ ಓದಿ ಹೇಳಿದೆ. ಬೆಂಚಿನ ಭಾಗಕ್ಕೆ ನಕ್ಕಳು, ನನ್ನ ಕಾಗುಣಿತಕ್ಕೂ ನಕ್ಕಳು, ತಿದ್ದಿದಳು. ಸೊಂಟದ ಲೆಕ್ಕ ಮತ್ತೆ ಸೇರಿಸೆಂದು ಹಟ ಹಿಡಿದಳು. ಸೇರಿಸಿದ್ದೇನೆ.

ಫೆಬ್ರವರಿ 18, ಮಂಗಳವಾರ

ಇಲಾಖೆಯ ಕಚೇರಿಗೆ ಹೋದದ್ದು ಎರಡು ಬಸ್ಸು ತುಂಬ ಜನ. ಮುಂದಿನ ಬಸ್ಸಿಗೆ ನಮ್ಮನೆಯವರೇ ಡ್ರೈವರು, ಅವರ ಹಳೆಯ ಡಿಪೋದವರ ಕೃಪೆ. ದಾರಿಯುದ್ದಕ್ಕೂ ಹಾಡು.

ಅಧಿಕಾರಿ ತೆಳ್ಳಗಿನ ಮನುಷ್ಯ, ಕಾಲರ್ ಒಂದು ಸುತ್ತು ದೊಡ್ಡದು. ಮೊದಲು ಪಟ್ಟಿಯನ್ನು ನೋಡಿ ಪೆನ್ನು ಕೆಳಗಿಟ್ಟರು.

“ಹನ್ನೆರಡನೇ ವರ್ಷ, ನಾಲ್ಕನೇ ಕ್ಲಾಸು. ಒಂದೇ ಹೆಸರು ಆರು ಸಲ ಇದೆ. ಪ್ರತಿ ವರ್ಷವೂ ಹೀಗೇ ಇದೆ. ಒಬ್ಬನನ್ನೇ ಆರು ಸಲ ಬರೆದು ಸಂಖ್ಯೆ ತುಂಬಿಸಿದ್ದೀರಾ ಫಾದರ್?”

ಫಾದರ್ ಬೆವರಿದರು. ಹೆಡ್‌ಮೇಷ್ಟ್ರು ಬೆವರಿದರು. ನಾನು ಪುಸ್ತಕ ಮುಂದೆ ತಳ್ಳಿದೆ.

“ಹೆಸರು ಒಂದೇ ಇರಬಹುದು ಸಾರ್. ಎದೆ ನೋಡಿ. ಇಪ್ಪತ್ಮೂರು, ಇಪ್ಪತ್ತೈದು, ಇಪ್ಪತ್ತೆರಡೂವರೆ... ಒಬ್ಬನೇ ಹುಡುಗ ಒಂದೇ ಬೆಳಗ್ಗೆ ಆರು ಸಲ ಉಬ್ಬಿ ಇಳಿಯೋಕಾಗುತ್ತಾ?”

ಅವರು ಓದುತ್ತ ಹೋದರು. ತುಟಿ ಬಿಗಿ ಹಿಡಿದಿದ್ದರು. “ಇದೇನ್ರೀ ಇದು, ಕುತ್ತಿಗೆಯಿಲ್ಲ, ಐದನೇ ಕ್ಲಾಸು?”

“ಹಾಜರ್ ಸಾರ್!” ಎಂದು ಹಿಂದಿನಿಂದ ಪೊಲೀಸಿನವನು ಎದ್ದು ಸೆಲ್ಯೂಟ್ ಹೊಡೆದ.

ಅಧಿಕಾರಿ ಅವನನ್ನು ನೋಡಿದರು. ಅವನಿಗೂ ಪುಸ್ತಕಕ್ಕೂ ನಡುವೆ ಎರಡು ಸಲ ಕಣ್ಣಾಡಿಸಿದರು. ಆಮೇಲೆ ನಗು ತಡೆಯಲಾಗದೆ ಕನ್ನಡಕ ತೆಗೆದರು. ಅಲ್ಲಿಂದ ಮುಂದೆ ಯಾವುದೋ ಸಾಲು ಓದುವುದು, ಯಾರೋ ಎದ್ದು ನಿಲ್ಲುವುದು. ಹೊರಗಿನ ಗುಮಾಸ್ತರೂ ಬಂದು ಬಾಗಿಲಲ್ಲಿ ನೆರೆದರು. ತಂಗಿಯ ವರ್ಷ ಬಂದಾಗ ಹೆಸರೂ ಅಳತೆಯೂ ಎರಡೂ ಇರುವುದನ್ನು ನೋಡಿ, “ಇದು ದಾಖಲೆ ಅಂದ್ರೆ,” ಎಂದರು. ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನಾನು ಮೊಣಕೈಯಿಂದ ತಿವಿದೆ.

ತೀರ್ಮಾನ ಅಂಚೆಯಲ್ಲಿ ಬರುತ್ತದಂತೆ. ಹೊರಡುವಾಗ ಅವರ ಕಾಲರಿನ ಬಗ್ಗೆ ಹೇಳಿದೆ. ಕಳಿಸಿಕೊಡಿ, ಸರಿ ಮಾಡಿ ಕೊಡುತ್ತೇವೆ ಎಂದೆ. ಕೊಡುತ್ತೇನೆ ಎಂದಲ್ಲ, ಕೊಡುತ್ತೇವೆ ಎಂದೆ ಎಂದು ತಂಗಿ ಬಸ್ಸಿನಲ್ಲಿ ಎರಡು ಸಲ ಎಲ್ಲರಿಗೂ ಹೇಳಿದಳು. ನಾನು ಹಾಗೆ ಅಂದ ನೆನಪಿಲ್ಲ.

ಮಾರ್ಚ್ 5, ಬುಧವಾರ

ಪತ್ರ ಬಂತು. ನಾಲ್ಕೇ ಸಾಲು. ಶಾಲೆ ಉಳಿಯಿತು!!

ಗಂಟೆಯಜ್ಜ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿದ್ದಕ್ಕೆ, ಯಾರೋ ತೀರಿಕೊಂಡರೆಂದು ಅರ್ಧ ಬೀದಿ ಅಳುತ್ತ ಓಡಿಬಂತು. ಅಳುತ್ತ ಬಂದವರೇ ಕುಣಿದರು.

ಜೂನ್ 2, ಸೋಮವಾರ

ಇವತ್ತು ಅಳತೆಯ ದಿನ. ಈ ಗಲಾಟೆಯೆಲ್ಲ ಕೇಳಿ, ಓದು ಮುಗಿಸಿ ಹೋದವರನ್ನು ಕಳೆದೂ ಮೂವತ್ತೆಂಟು ಮಕ್ಕಳು ಹೆಚ್ಚಾಗಿದ್ದಾರೆ. ಒಟ್ಟು ನೂರಿಪ್ಪತ್ತನಾಲ್ಕು. ಟೇಪು ನನ್ನದು, ಪೆನ್ಸಿಲು ತಂಗಿಯದು.

ಒಂದನೇ ಕ್ಲಾಸಿನಲ್ಲಿ ಅದೇ ಸಂತರ ಹೆಸರಿನವರು ಏಳು ಜನ. ಅವಳು ಏಳಕ್ಕೂ ಪೂರ್ತಿ ಹೆಸರೇ ಬರೆಯುತ್ತೇನೆ ಎನ್ನುತ್ತಾಳೆ. ಚಡ್ಡಿ ಅದಲುಬದಲಾದರೆ ಏಳು ತಾಯಂದಿರಿಗೆ ಉತ್ತರ ಹೇಳುವವರು ಯಾರು ಎಂದೆ. “ಮಕ್ಕಳನ್ನ ಕಿವಿ ಮೂಗು ನೋಡಿ ಬರೆಯೋಕೆ ಇದೇನು ಠಾಣೇನಾ?” ಎಂದಳು. “ನನ್ನ ಕಿವಿ ಮೂಗೇ ಶಾಲೆ ಉಳಿಸಿದ್ದು” ಎಂದೆ. “ನಾನು ಬರೆದಿಟ್ಟ ಹೆಸರು” ಎಂದಳು. ಫಾದರ್ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡರು. ಮಕ್ಕಳು ಸಾಲಿನಲ್ಲಿ ನಿಂತು, ಶಟಲ್ ಆಟ ನೋಡುವ ಹಾಗೆ ಒಮ್ಮೆ ಇತ್ತ ಒಮ್ಮೆ ಅತ್ತ ತಲೆ ತಿರುಗಿಸುತ್ತಿದ್ದರು.

ಜಗಳ ಇನ್ನೂ ಮುಗಿದಿಲ್ಲ. ಊಟಕ್ಕೆಂದು ನಿಲ್ಲಿಸಿದ್ದೇವೆ. ಬೀದಿಯ ಆಚೆಯಿಂದ ಕೂಗುತ್ತಿದ್ದಾಳೆ, ಏನೋ ಹೊಸ ಉತ್ತರ ಹೊಳೆದಿರಬೇಕು. ಹೋಗಬೇಕು.